ಇನ್ನೂರ ಹದಿಮೂರನೇ ಸಲ

ಸಿದ್ದಾಪುರ ಪೇಟೆಯಲ್ಲಿ ಕರಿಮೆಣಸು ಕೊಳ್ಳುವ
ಉಮ್ಮರ್‌ಕುಟ್ಟಿಯ ಅಂಗಡಿಯ ಮೇಲಿನ ಕೋಣೆ ನನ್ನದು.
ಕೆಳಗೆ ತಕ್ಕಡಿ, ಮೇಲೆ ಮೂರು ಡಿಸ್ಕು:
ಒಂದು ತಿರುಗುವಂಥದು, ಒಂದು ತಿರುಗದ್ದು,
ಮೂರನೆಯದು ಗೋಣಿಕೊಪ್ಪದ ಸಂತೆಯಲ್ಲಿ ಸಿಕ್ಕ
ಅಗ್ಗದ ಮೆಮೊರಿ ಕಾರ್ಡು. ಅದರ ಮಾತು ನಂಬುವಂತಿಲ್ಲ,
ಅದಕ್ಕೇ ಇಟ್ಟುಕೊಂಡಿದ್ದೇನೆ.

ಕರ್ನಲ್ಲಿಗೆ ಯಾರೋ ಬರೆದ ತಿದ್ದುಪಡಿ, ನೂರ ನಲವತ್ತು ಸಾಲು.
ಬರೆದವನ ಮುಖ ಗೊತ್ತಿಲ್ಲ,
ಅವನು ಆವರಣ ಎಲ್ಲಿ ಮುಚ್ಚುತ್ತಾನೆಂದು ಗೊತ್ತು.
ಅವನ ವಾದ ಇಷ್ಟೆ:
ಒಂದೊಂದೇ ತುಣುಕು ಹೊತ್ತು ಡಿಸ್ಕಿಗೆ ಓಡಬೇಡ,
ನೆನಪಿನಲ್ಲೇ ರಾಶಿ ಹಾಕು,
ಅಕ್ಕಪಕ್ಕದವನ್ನು ಕೂಡಿಸಿ ಒಮ್ಮೆಗೇ ಇಳಿಸು.

ನ್ಯಾಯವಾದ ಮಾತು. ಉಮ್ಮರ್‌ಕುಟ್ಟಿಯೂ
ಚೀಲಕ್ಕೊಂದು ಸಲ ಪುಸ್ತಕ ತೆರೆಯುವವನಲ್ಲ.
ಬೆರಳ ಗೆಣ್ಣಿನಲ್ಲಿ ಹತ್ತು ಚೀಲ ಹಿಡಿದಿಟ್ಟು
ಕಿವಿಯ ಪೆನ್ಸಿಲು ಇಳಿಸಿ
ಒಂದೇ ಉಸಿರಿಗೆ ಹತ್ತು ಅಂಕಿ ಗೀಚುತ್ತಾನೆ.
ನಡುವೆ ಯಾರೂ ಮಾತಾಡಿಸಬಾರದು, ಅಷ್ಟೆ.

ಹಳೆಯ ಕರ್ನಲ್ಲು ಹನ್ನೊಂದು ಓಟ, ಹೊಸದು ಹನ್ನೊಂದು ಓಟ.
ಪ್ರತಿ ಓಟಕ್ಕೆ ಮುಂಚೆ ಕ್ಯಾಶ್ ತೊಳೆದು,
ಡಿಸ್ಕನ್ನು ಬರಿದು ಮಾಡಿ, ಫ್ಯಾನಿನ ಕೆಳಗಿಟ್ಟು,
ಫೆಬ್ರವರಿಯ ಸೆಖೆಗೆ ಡಿಸ್ಕೂ ಸುಳ್ಳು ಹೇಳುತ್ತದೆ.
ಬಂದದ್ದು: ನೂರಕ್ಕೆ ಮೂವತ್ತೆಂಟು ಹೆಚ್ಚು ವೇಗ.
ಒಬ್ಬಳೇ ಕೂತು ನಕ್ಕೆ.
ಆಮೇಲೆ ನಗು ನಿಂತಿತು.
ಮೂವತ್ತೆಂಟನ್ನು ಯಾರೂ ಪುಕ್ಕಟೆ ಕೊಡುವುದಿಲ್ಲ.

ಕರೆಂಟು ಕೀಳುವ ಕೆಲಸಕ್ಕೆ
ಉಮ್ಮರ್‌ಕುಟ್ಟಿಯ ಮಗಳು ಸುಹರಾ, ಮೂರನೇ ಕ್ಲಾಸು.
"ಈಗಲಾ, ಬೊಳ್ಳಕ್ಕ?"
"ನಾನು ಹೇಳಿದಾಗ ಅಲ್ಲ ಮಾರಾಯ್ತಿ, ನಿನಗೆ ತೋಚಿದಾಗ."
ಅಷ್ಟು ಒಳ್ಳೆಯ ಯಾದೃಚ್ಛಿಕತೆ
ನಾನು ಯಾವ ಸೂತ್ರದಲ್ಲೂ ಕಂಡಿಲ್ಲ.
ಒಮ್ಮೆ ಜಡೆ ಬಿಚ್ಚಿದಾಗ ಕಿತ್ತಳು, ಒಮ್ಮೆ ಸೀನಿದಾಗ.
ಕಿತ್ತದ್ದಕ್ಕೊಂದು ಮೆಣಸಿನ ಕಾಳು, ಉಪ್ಪಿನಕಾಯಿ ಬಾಟಲಿಗೆ.
ಇನ್ನೂರ ಹನ್ನೆರಡು ಕಾಳು.
ಇನ್ನೂರ ಹನ್ನೆರಡು ಸಲವೂ ಎಲ್ಲ ಫೈಲು ನೆಟ್ಟಗೆ ಎದ್ದು ನಿಂತಿತ್ತು.

ಇನ್ನೂರ ಹದಿಮೂರನೆಯದನ್ನು ಕಿತ್ತದ್ದು ಆನೆ.
ಕರಡಿಗೋಡಿನ ಬಳಿ ಲೈನಿನ ಮೇಲೆ ಮರ ದೂಡಿತಂತೆ,
ಪೇಟೆ ಇಡೀ ಕಪ್ಪು.
ಹನ್ನೊಂದು ಗಂಟೆಗೆ ಬೆಳಕು ಬಂದಾಗ ನೋಡಿದೆ:
ಹೆಸರು ಇದೆ. ತಾರೀಕು ಇದೆ.
ಗಾತ್ರ, ಸೊನ್ನೆ.
ಹಳೆಯದು ಅಳಿದಿದೆ, ಹೊಸದು ತುಂಬಿಲ್ಲ.

ಕಾಫಿ ಇನ್ನೂ ಕಣದಲ್ಲಿ ಹರಡಿರುವಾಗಲೇ
ಗೋದಾಮಿನ ಚೀಟಿ ಹರಿದುಕೊಟ್ಟ ಹಾಗೆ.
ಹೂಮಳೆ ಬೀಳದಿದ್ದರೆ ಯಾರಿಗೂ ತಿಳಿಯದು.

ಆನೆಯನ್ನು ಮತ್ತೊಮ್ಮೆ ಓಡಿಸಿ ತೋರಿಸಲಾಗದು.
ಸುಹರಾ ಅದರ ಪಾಲಿನ ಕಾಳನ್ನೂ ಬಾಟಲಿಗೆ ಹಾಕಿದಳು.
ಮತ್ತೆ ಕಿತ್ತಳು. ಶನಿವಾರ, ಭಾನುವಾರ,
ಕೈಗೆ ಬೊಬ್ಬೆ ಬಂತು, ಅವಳಿಗಲ್ಲ, ಪ್ಲಗ್ಗಿಗೆ.
ಮುನ್ನೂರ ನಾಲ್ಕರಲ್ಲಿ ಮತ್ತೆ ಆ ಸೊನ್ನೆ.
ಆಗ ಸಾಲು ಸಿಕ್ಕಿತು. ಎಪ್ಪತ್ತೊಂದನೆಯದು:
ಸರಕು ಇಳಿದ ಮೇಲೆ ಹೆಸರು ಬದಲಿಸು ಎಂಬ ಕಾಯುವಿಕೆಯನ್ನು
ದೂಳೆಂದು ಗುಡಿಸಿಬಿಟ್ಟಿದ್ದಾನೆ ಪುಣ್ಯಾತ್ಮ.

ಕಾಯುವಿಕೆಯನ್ನು ವಾಪಸು ಇಟ್ಟೆ.
ಮೂವತ್ತೆಂಟು ಇಪ್ಪತ್ತೊಂದಕ್ಕೆ ಇಳಿಯಿತು.
ಇಪ್ಪತ್ತೊಂದು ಚಿಕ್ಕದಲ್ಲ.
ಆದರೂ ಆ ಹದಿನೇಳನ್ನು ನೆನೆದು
ಸ್ವಲ್ಪ ಹೊತ್ತು ಬೇಜಾರಾಯಿತು, ಸುಳ್ಳು ಯಾಕೆ.

ವರದಿ ಬರೆದೆ. ಆನೆಯನ್ನು ಹೇಗೆ ಬರೆಯುವುದೆಂದು ತಿಳಿಯದೆ
"ಪೂರ್ವಸೂಚನೆಯಿಲ್ಲದ ವಿದ್ಯುತ್ ನಿಲುಗಡೆ" ಎಂದೆ.
ಕೊನೆಗೆ, ಪರೀಕ್ಷಿಸಿದವರು: ಬೊಳ್ಳಮ್ಮ.
ಅದರ ಕೆಳಗೆ, ಸುಹರಾ.

ಬಾಟಲಿ ಹಿಡಿದು ಕೆಳಗಿಳಿದರೆ ಉಮ್ಮರ್‌ಕುಟ್ಟಿ
ಕಾಳನ್ನೆಲ್ಲ ಅಂಗೈಗೆ ಸುರಿದು ಎಣಿಸಿದ.
"ಮುನ್ನೂರ ನಾಲ್ಕು. ನನ್ನದೇ ಮಾಲು."
ತಕ್ಕಡಿಯ ಮುಂದೆ ಆರು ಚೀಲ ಕಾದಿದ್ದವು,
ಗೆಣ್ಣಿನಲ್ಲಿ ಲೆಕ್ಕ ಅರ್ಧಕ್ಕೆ ನಿಂತಿತ್ತು.
ಇದನ್ನು ಮಾತ್ರ ಅವನು ಹಿಡಿದಿಡಲಿಲ್ಲ.
ಆಗಲೇ ಪುಸ್ತಕ ತೆರೆದು
ಒಂದೇ ಒಂದು ಸಾಲು ಬರೆದು,
ಶಾಯಿ ಆರುವ ತನಕ ಊದಿದ.